ಕುರಿಯ ರಕ್ತ, ಕಲಕತ್ತೆಯ ಕಾಗದ

ನನ್ನ ಗಂಡನಿಗೆ ರಕ್ತ ಕಂಡರೆ ಆಗುತ್ತಿರಲಿಲ್ಲ. ಮದುವೆಯಾಗಿ ರಾಯಚೂರಿಗೆ ಬಂದ ಹೊಸದರಲ್ಲಿ ಒಂದು ದಿನ ಬದನೆಕಾಯಿ ಹೆಚ್ಚುವಾಗ ನನ್ನ ಬೆರಳು ಕೊಯ್ದಿತು. ಇವರು ನೀರು ತರುತ್ತೇನೆಂದು ಎದ್ದವರು ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕುಸಿದು ಕೂತರು. ಕೊನೆಗೆ ನಾನೇ ಬೆರಳಿಗೆ ಬಟ್ಟೆ ಸುತ್ತಿಕೊಂಡು ಇವರ ಮುಖಕ್ಕೆ ನೀರು ಚಿಮುಕಿಸಿದೆ. ಕಣ್ಣು ತೆರೆದವರು ಮೊದಲು ಹೇಳಿದ ಮಾತು, "ಯಾರ ಮುಂದೂ ಹೇಳಬ್ಯಾಡ ಮತ್ತ."

ಅಂಥವರಿಗೆ ಒಂದು ಕೊಲೆ ಕೇಸು ಬಂತು.

ಅದು ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಇವರು ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲಸ ಮಾಡುತ್ತಿದ್ದರು. ಹೊಲದ ಬದುವಿನ ಜಗಳ, ಬಾಡಿಗೆ ಮನೆ ಬಿಡಿಸುವ ತಕರಾರು, ಅಣ್ಣತಮ್ಮಂದಿರ ಪಾಲು, ಇಷ್ಟೇ ಇವರ ಪ್ರಪಂಚ. ಆ ಹಿರಿಯರು ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಕಾನೂನು ಓದಿದವರು. ಕಣ್ಣಿಗೆ ಪೊರೆ ಬಂದು ಕಾಗದ ಓದುವುದು ಕಷ್ಟವಾಗಿತ್ತು. ಒಂದು ದಿನ ಕಾಗದದ ಕಟ್ಟೊಂದನ್ನು ಇವರ ಕೈಗಿಟ್ಟು, "ಮುಲ್ಜಿಮ್, ಅಂದ್ರ ಆರೋಪಿ, ಬಡವ ಇದ್ದಾನ. ಕುರಿ ಕಾಯಾಂವ. ಇದನ್ನ ನೀನೇ ನಡಸು" ಎಂದರಂತೆ. ಇವರು ಮನೆಗೆ ಬಂದು ಕಟ್ಟನ್ನು ಗೂಡಿನಲ್ಲಿಟ್ಟು ಅದರ ಕಡೆ ಬೆನ್ನು ಮಾಡಿ ಊಟ ಮಾಡಿದರು.

"ಹೆಣದ ಫೋಟೋ ಅದಾವ ಅದರಾಗ," ಎಂದರು. "ನೀ ಮೊದಲ ನೋಡಿ, ಅದನ್ನಷ್ಟು ತಗದಿಡು."

ನಾನು ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದೆ. ಕಾಲೇಜಿನಲ್ಲಿ ಕಪ್ಪೆ ಕೊಯ್ದವಳು. ಮದುವೆಯಾದ ಮೇಲೆ ಆ ಓದು ಹಾಲು ಒಡೆದದ್ದೇಕೆ ಎಂದು ವಿವರಿಸುವುದಕ್ಕೂ ಬೇಕಾಗಿರಲಿಲ್ಲ. ಹಾಗಾಗಿ ಫೋಟೋ ತೆಗೆದಿಡುವ ನೆಪದಲ್ಲಿ ಇಡೀ ಕಟ್ಟು ಓದಿದೆ.

ಕೇಸು ಹೀಗಿತ್ತು. ದೇವದುರ್ಗದ ಕಡೆಯ ಕುರಿಗಾರರು ಭತ್ತ ಕೊಯ್ದ ಮೇಲೆ ಹಿಂಡು ಹೊಡೆದುಕೊಂಡು ಮಾನ್ವಿಯ ಕಾಲುವೆ ಸೀಮೆಗೆ ಬರುತ್ತಿದ್ದರು. ಕೊಯ್ದ ಗದ್ದೆಯಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿದರೆ ಗದ್ದೆಗೆ ಗೊಬ್ಬರ, ಕುರಿಗಾರನಿಗೆ ಜೋಳ, ಭತ್ತ. ಆ ವರ್ಷ ಬಂದಿದ್ದ ಒಬ್ಬ ಕುರಿಗಾರನ ಕುರಿಗಳು ಇನ್ನೂ ಕೊಯ್ಯದ ಗದ್ದೆಗೆ ಬಿದ್ದವು. ಕಾಲುವೆಯಿಂದ ಸರದಿ ಪ್ರಕಾರ ನೀರು ಬಿಡುತ್ತಿದ್ದ ನೀರುಗಂಟಿ, ಆ ಊರಿನದೇ ಒಬ್ಬ ಹರೆಯದ ಹುಡುಗ, ಕುರಿಗಳನ್ನು ತಡೆದು ಕುರಿಗಾರನನ್ನು ಬೈದ. ಇಬ್ಬರಿಗೂ ಜೋರು ಜಗಳವಾಯಿತು. ಊರವರು ಬಿಡಿಸಿದರು. ಮರುದಿನ ಬೆಳಿಗ್ಗೆ ಆ ಹುಡುಗ ಕಾಲುವೆಯ ದಂಡೆಯಲ್ಲಿ ತಲೆ ಒಡೆದು ಸತ್ತು ಬಿದ್ದಿದ್ದ. ಪೊಲೀಸರು ಕುರಿಹಟ್ಟಿಗೆ ಬಂದರು. ಕುರಿಗಾರನ ಕಂಬಳಿಯ ಮೇಲೆ ರಕ್ತವಿತ್ತು. ಅವನನ್ನೂ ಕಂಬಳಿಯನ್ನೂ ಒಟ್ಟಿಗೆ ಕರೆದೊಯ್ದರು.

ಹೊಡೆದದ್ದನ್ನು ಕಂಡವರು ಯಾರೂ ಇರಲಿಲ್ಲ. ಅವನ ಕೋಲಿನ ಮೇಲೆ ರಕ್ತದ ಗುರುತೇ ಇರಲಿಲ್ಲ. ಇದ್ದದ್ದು ಒಂದು ಜಗಳ, ಒಂದು ಕಂಬಳಿ. ಆದರೆ ಊರೂರಲ್ಲಿ ಸುದ್ದಿಯಾಗುವುದಕ್ಕೆ ಅಷ್ಟೇ ಸಾಕಾಗಿತ್ತು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ವಗ್ಗಾಣಿ ತಿನ್ನುವವರು ಕೂಡ ಕಂಬಳಿಯ ಮಾತೇ ಆಡುತ್ತಿದ್ದರು. ಮನೆಗೆ ಮೊಸರು ತರುವವಳು ನನ್ನನ್ನು ಕೇಳುತ್ತಿದ್ದಳು: "ಅಕ್ಕಾರ, ಆ ಕಂಬಳಿ ಕೇಸು ನಿಮ್ಮ ಮನಿಯವರದಂತಲ್ಲ? ಗಲ್ಲಿಗೆ ಹಾಕ್ತಾರಂತೇನ್ರಿ?"

ಕುರಿಗಾರ ರಾಯಚೂರಿನ ಜೈಲಿನಲ್ಲಿದ್ದ. ಇವರು ಮೊದಲ ಸಲ ಅವನನ್ನು ನೋಡಲು ಹೋಗಿ ಬಂದ ದಿನ ಚಹಾ ಆರುವ ತನಕ ಲೋಟ ಹಿಡಿದು ಕೂತಿದ್ದರು.

"ಏನಂದ?" ಎಂದು ಕೇಳಿದೆ.

"ಏನಿಲ್ಲ. ಆ ಎಳೀ ಮರಿ ಉಳದಾವೇನ್ರಿ ಅಂತ ಕೇಳಿದ. ನನಗೇನು ಗೊತ್ತು? ಉಳದಾವ ಅಂದೆ."

ಅವನ ಹೆಂಡತಿ ನಮ್ಮ ಮನೆಗೆ ಬಂದದ್ದು ಅದಾದ ಕೆಲವು ದಿನಕ್ಕೆ. ಬಾಗಿಲಲ್ಲಿ ನಿಂತಿದ್ದ ಅವಳ ತಲೆಗೂದಲ ತುಂಬ ಹತ್ತಿಯ ಎಳೆ. ಗಂಡನನ್ನು ಆಗಾಗ ನೋಡಬೇಕೆಂದು ಹಿಂಡನ್ನು ಮೈದುನನಿಗೆ ಬಿಟ್ಟು ರಾಯಚೂರಿಗೆ ಬಂದು, ಹತ್ತಿ ಮಿಲ್ಲಿನಲ್ಲಿ ಕೂಲಿಗೆ ಸೇರಿದ್ದಳು. ಮಿಲ್ಲಿನ ಹಿಂದಿನ ಓಣಿಯಲ್ಲಿ ಯಾರೋ ಸಂಬಂಧಿಕರ ಮನೆಯಲ್ಲಿ ಮಲಗುತ್ತಿದ್ದಳು. ವಯಸ್ಸಿನಲ್ಲಿ ನನ್ನ ಓರಗೆಯವಳೇ ಇರಬೇಕು.

"ವಕೀಲ ಸಾಹೇಬ್ರು ಅದಾರೇನ್ರಿ?"

"ಕೋರ್ಟಿಗೆ ಹೋಗ್ಯಾರ. ಒಳಗ ಬಾ, ಕುಂದ್ರು."

ಅವಳು ಒಳಗೆ ಬರಲಿಲ್ಲ. ಹೊಸ್ತಿಲಾಚೆ ಕೂತು ನಾನು ರೊಟ್ಟಿ ಬಡಿಯುವುದನ್ನು ನೋಡಿದಳು. ನನಗೆ ಆಗ ಜೋಳದ ರೊಟ್ಟಿ ನೆಟ್ಟಗೆ ಬರುತ್ತಿರಲಿಲ್ಲ. ಅಂಚು ಬಿರಿಯುತ್ತಿತ್ತು. ಅವಳು ಎಷ್ಟೋ ಹೊತ್ತು ತಡೆದುಕೊಂಡಳು. ಆಮೇಲೆ ಆಗಲಿಲ್ಲ.

"ಯವ್ವಾ, ನೀರು ಕುದಿಯೂದ್ರೊಳಗ ಹಿಟ್ಟಿಗೆ ಹಾಕೀರಿ ನೀವು. ಸರೀರಿ, ನಾ ಬಡೀತೀನಿ."

ಅವತ್ತು ಇವರು ಕೋರ್ಟಿನಿಂದ ಬಂದು ಉಣ್ಣುವಾಗ, "ಇವತ್ತ ರೊಟ್ಟಿ ಯಾರು ಮಾಡ್ಯಾರ?" ಎಂದು ಕೇಳಿಯೇ ಬಿಟ್ಟರು. ಮತ್ತೆ ಹೊಸ್ತಿಲಾಚೆಗೇ ಹೋಗಿ ಕೂತಿದ್ದ ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಗಂಡ ಜೈಲಿನಲ್ಲಿರುವ ಹೆಂಗಸು ನಕ್ಕದ್ದನ್ನು ನೋಡಿ ಇವರು ಮೊದಲು ಗಾಬರಿಯಾದರು, ಆಮೇಲೆ ತಾವೂ ನಕ್ಕರು. ಅಂದಿನಿಂದ ಅವಳು ಮಿಲ್ಲಿಗೆ ರಜೆ ಇದ್ದಾಗೆಲ್ಲ ನಮ್ಮಲ್ಲಿಗೆ ಬರುತ್ತಿದ್ದಳು. ಹೊಸ್ತಿಲು ದಾಟಿ ಅಡುಗೆಮನೆಯ ಒಳಗೇ ಕೂರುವಂತೆ ಮಾಡಲು ನಾನು ಬೈಯಬೇಕಾಯಿತು.

ರಕ್ತದ ಕತೆಯನ್ನು ಅವಳು ಹೇಳಿದ್ದು ಅಲ್ಲೇ, ಶೇಂಗಾ ಸುಲಿಯುತ್ತ. ಆ ಸಂಜೆ ಜಿಟಿಜಿಟಿ ಮಳೆ ಬಂದಿತ್ತು. ಹಟ್ಟಿಯಲ್ಲಿ ಒಂದು ಕುರಿಗೆ ಮರಿ ಅಡ್ಡಾಗಿ, ಇವಳ ಗಂಡ ಕೈ ಹಾಕಿ ಎಳೆದು ಈಯಿಸಿದ. ಅವಳಿ ಮರಿ. ಚಳಿಗೆ ನಡುಗುತ್ತಿದ್ದವು. ಕಂಬಳಿಯಲ್ಲಿ ಒರೆಸಿ, ಅದರೊಳಗೇ ಸುತ್ತಿ ಎದೆಗೆ ಅವಚಿಕೊಂಡು ಕೂತ.

"ಕುರಿ ಕಾಯೋರ ಕಂಬಳಿ ಮ್ಯಾಲ ಕುರಿ ರಕ್ತ ಇರದ ಮತ್ತ ಯಾರ್ದು ಇರತದ್ರಿ? ಪೊಲೀಸ್ರಿಗೆ ಹೇಳಿದ್ವಿ. ಅದನ್ನ ದೊಡ್ಡ ಊರಿಗೆ ಕಳಿಸಿ ನೋಡ್ತೀವಿ ಅಂದ್ರು. ಅಕ್ಕಾರ, ಅಲ್ಲಿ ಅವರಿಗೆ ಗೊತ್ತಾಗ್ತದೇನ್ರಿ? ರಕ್ತ ನೋಡಿ, ಇದು ಕುರೀದು, ಇದು ಮನಷ್ಯಾಂದು ಅಂತ?"

"ಗೊತ್ತಾಗ್ತದ," ಎಂದೆ.

ಕಂಬಳಿ ಮೊದಲು ಬೆಂಗಳೂರಿನ ಪ್ರಯೋಗಾಲಯಕ್ಕೆ, ಅಲ್ಲಿ ರಕ್ತವೆಂದು ಖಾತ್ರಿಯಾದ ಮೇಲೆ ಅದರ ತುಣುಕು ಕಲಕತ್ತೆಗೆ ಹೋಗಿತ್ತು. ರಕ್ತ ಯಾವ ಪ್ರಾಣಿಯದೆಂದು ಹೇಳುವ ಸರಕಾರಿ ತಜ್ಞರು ಆಗ ಅಲ್ಲಿದ್ದರು. ಇವರಿಗೆ ಅದು ಹೇಗೆ ಸಾಧ್ಯವೆಂದೇ ತಿಳಿಯದು. ನಾನು ಟ್ರಂಕಿನಲ್ಲಿದ್ದ ಕಾಲೇಜಿನ ಪುಸ್ತಕ ತೆಗೆದು ವಿವರಿಸಿದೆ. ಮನುಷ್ಯನ ರಕ್ತದ ತಿಳಿಯನ್ನು ಮೊಲಕ್ಕೆ ಸ್ವಲ್ಪ ಸ್ವಲ್ಪವೇ ಚುಚ್ಚುತ್ತಾರೆ. ಮೊಲದ ಮೈ ಅದನ್ನು ಪರಕೀಯವೆಂದು ಗುರುತಿಸಿ ಪ್ರತಿಕಾಯ ತಯಾರಿಸುತ್ತದೆ. ಆ ಮೊಲದ ರಕ್ತದ ತಿಳಿಯನ್ನು ಕಲೆಯಿಂದ ತೆಗೆದ ದ್ರಾವಣಕ್ಕೆ ಸೇರಿಸಿದಾಗ, ಎರಡೂ ಕೂಡುವಲ್ಲಿ ಬಿಳಿಯ ಗೆರೆ ಮೂಡಿದರೆ ಅದು ಮನುಷ್ಯನದು. ಕುರಿಯದನ್ನು ಗುರುತಿಸಲು, ಕುರಿಯ ರಕ್ತ ಚುಚ್ಚಿದ ಬೇರೆ ಮೊಲ ಬೇಕು.

ಇವರು ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕೇಳುತ್ತಿದ್ದರು. "ಹೊಳ್ಳಿ ಹೇಳು. ಮೊಲ ಯಾಕ ಬಂತು ನಡುವ?"

ಮತ್ತೆ ಹೇಳಿದೆ. ಕೋರ್ಟಿಗೆ ಹೋಗುವಾಗ ಸೈಕಲ್ ಏರಿ ತಾವೇ ಒಮ್ಮೆ ಗಟ್ಟಿಯಾಗಿ ಒಪ್ಪಿಸಿದರು. ಎದುರುಮನೆಯ ಮಕ್ಕಳು, "ಅಂಕಲ್ ಮೊಲ ಸಾಕ್ತಾರಂತ" ಎಂದು ಓಣಿಯೆಲ್ಲ ಸಾರಿದವು.

ವರದಿ ಬಂತು. ಆ ಕಾಗದವನ್ನು ಇವರು ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ತಂದು, ನನ್ನ ಕೈಗೆ ಕೊಟ್ಟರು. ಕಲೆ ರಕ್ತದ್ದೇ. ಆದರೆ ಅದು ಕೆಟ್ಟುಹೋಗಿರುವುದರಿಂದ ಯಾವ ಪ್ರಾಣಿಯದೆಂದು ಹೇಳಲಾಗದು. ಅಷ್ಟೇ. ಮಳೆಯಲ್ಲಿ ನೆನೆದಿದ್ದ ಕಂಬಳಿಯನ್ನು ಒಣಗಿಸದೆ ಹಾಗೇ ಮಡಿಚಿ, ಬಟ್ಟೆಯಲ್ಲಿ ಕಟ್ಟಿ, ಅರಗಿನ ಮುದ್ರೆ ಹಾಕಿದ್ದರು. ಒದ್ದೆ ಉಣ್ಣೆಯೊಳಗೆ ರಕ್ತ ಕೊಳೆತಿತ್ತು. ಕೊಳೆತ ರಕ್ತಕ್ಕೆ ಯಾವ ಮೊಲವೂ ಉತ್ತರ ಕೊಡುವುದಿಲ್ಲ.

ಕುರಿಗಾರನ ಹೆಂಡತಿಗೆ ಹೇಳುವ ಕೆಲಸ ನನಗೇ ಬಿತ್ತು. ಕೇಳಿದವಳು ಕಾಗದವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಆಮೇಲೆ, "ಅಷ್ಟು ದೂರ ಹೋಗಿ ಬಂದದ. ಏನೂ ಹೇಳಲಿಲ್ಲೇನ್ರಿ?" ಎಂದಳು. ಕಂಬಳಿಯ ಬಗ್ಗೆ ಹೇಳುತ್ತಿದ್ದಾಳೋ, ಕಾಗದದ ಬಗ್ಗೆಯೋ ತಿಳಿಯಲಿಲ್ಲ.

ಇವರು ಮಾತ್ರ ಬಿಡಲಿಲ್ಲ. ಯಾರೋ ಕೊಟ್ಟ ವೈದ್ಯ ನ್ಯಾಯಶಾಸ್ತ್ರದ ದಪ್ಪ ಪುಸ್ತಕ ಮನೆಗೆ ಬಂತು. ಹೆಣದ ಚಿತ್ರಗಳಿರುವ ಪುಟಗಳಿಗೆ ನಾನು ಹಳೆಯ ಪತ್ರಿಕೆಯ ಹಾಳೆ ಅಂಟಿಸಿಕೊಟ್ಟೆ. ಉಳಿದದ್ದನ್ನು ಇವರು ಓದಿದರು. ಮಾನ್ವಿಯ ಆಸ್ಪತ್ರೆಯಲ್ಲಿ ಕಂಬಳಿಯ ಕಲೆಯ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ನೊರೆ ಬಂತೆಂದು ಕಾಗದಗಳಲ್ಲಿತ್ತು. ಊರಿನಲ್ಲಿ ಜನ ಆ ನೊರೆಯನ್ನೇ ದೊಡ್ಡದು ಮಾಡಿ, ಔಷಧಿ ಹಾಕಿದ ಕೂಡಲೇ ಕೊಲೆಯ ರಕ್ತ ಉಕ್ಕಿತು ಎಂದು ಹೇಳಿಕೊಂಡು ತಿರುಗುತ್ತಿದ್ದರು.

"ಕುರಿ ರಕ್ತಕ್ಕೂ ಉಕ್ಕತದೇನು?" ಇವರು ಕೇಳಿದರು.

"ಉಕ್ಕತದ."

"ನಾ ಕಣ್ಣಿಲೆ ನೋಡಬೇಕು."

ನಮ್ಮದು ಮಾಂಸ ತಿನ್ನದ ಮನೆ. ಆ ಭಾನುವಾರ ಕುರಿಗಾರನ ಹೆಂಡತಿಯೇ ಕಸಾಯಿ ಅಂಗಡಿಯಿಂದ ಸಣ್ಣ ಬಾಟ್ಲಿಯಲ್ಲಿ ಕುರಿಯ ರಕ್ತ ತಂದಳು. ಔಷಧದ ಅಂಗಡಿಯಿಂದ ಪೆರಾಕ್ಸೈಡ್ ಬಂತು. ಹಿತ್ತಲ ಬಂಡೆಯ ಮೇಲೆ ಹಳೆಯ ಕಂಬಳಿಯ ತುಂಡು ಹಾಸಿ ನಾನು ರಕ್ತ ಸುರಿದೆ. ಇವರು ದೂರದಲ್ಲಿ, ತುಳಸಿ ಕಟ್ಟೆ ಹಿಡಿದುಕೊಂಡು, ಮುಖ ಅರ್ಧ ತಿರುಗಿಸಿ ನಿಂತಿದ್ದರು. ಅವಳು ಇವರನ್ನೇ ನೋಡುತ್ತಿದ್ದಳು.

"ಸಾಹೇಬ್ರ, ಕುಂದರ್ರಿ. ಬೀಳತೀರಿ," ಎಂದಳು.

ಪೆರಾಕ್ಸೈಡ್ ಬಿದ್ದದ್ದೇ ಬೆಳ್ಳಗೆ ನೊರೆ ಎದ್ದಿತು. ಇವರು ಹೆದರಿಕೆ ಮರೆತು ಹತ್ತಿರ ಬಂದರು. ನನಗೂ ಹುರುಪು ಬಂತು. ಒಳಗಿಂದ ಹಸಿ ಆಲೂಗಡ್ಡೆ ತಂದು ಕೊಯ್ದು ಅದರ ಮೇಲೂ ಎರಡು ಹನಿ ಬಿಟ್ಟೆ. ಆಲೂಗಡ್ಡೆಯೂ ಉಕ್ಕಿತು.

ಇವರು ಬಾಯಿ ತೆರೆದು ನಿಂತರು. "ಇದರಾಗೂ ರಕ್ತ ಅದ ಏನು?"

"ರಕ್ತದಾಗ ಇರೋ ಒಂದು ವಸ್ತು ಇದರಾಗೂ ಅದ. ನೊರಿ ಬರೂದು ಅದರಿಂದ."

"ಇಷ್ಟು ದಿನ ನನಗ ಯಾಕ ಹೇಳಿಲ್ಲ ನೀ?" ಎಂದು ಜಗಳಕ್ಕೇ ಬಂದರು, ಪಲ್ಯ ಮಾಡುವಾಗೆಲ್ಲ ನಾನು ಈ ವಿಷಯ ಮುಚ್ಚಿಟ್ಟಿದ್ದೆನೋ ಎಂಬಂತೆ. ಆ ಸಂಜೆಯೆಲ್ಲ ಮನೆಯಲ್ಲಿದ್ದ ತರಕಾರಿಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದರು. ರಾತ್ರಿಯ ಅಡುಗೆಗೆ ಏನೂ ಉಳಿಯಲಿಲ್ಲ. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕಲಸಿಕೊಂಡು ರೊಟ್ಟಿ ತಿಂದೆವು.

ಕೇಸಿಗೆ ನಿಜವಾಗಿ ಬೇಕಾದದ್ದು ಸಿಕ್ಕಿದ್ದು ಇನ್ನೊಂದು ದಿನ. ಕಂಬಳಿ ಜಪ್ತಿ ಮಾಡಿದಾಗಿನ ವಿವರಣೆಯನ್ನು ನಾನು ಓದಿ ಹೇಳುತ್ತಿದ್ದೆ. ಕಲೆಗಳೆಲ್ಲ ಕಂಬಳಿಯ ಒಂದೇ ಮೈಗೆ ಇದ್ದವು, ಒಂದು ಮಡಿಕೆಯ ಸುತ್ತ, ಒರೆಸಿದ ಹಾಗೆ. ಇವರು ಅವಳನ್ನು ಕೇಳಿದರು: "ನಿನ್ನ ಗಂಡ ಕಂಬಳಿ ಹೆಂಗ ಹಾಕ್ಕೋತಾನ?"

"ಹೆಂಗಂದ್ರ? ಕೊಪ್ಪಿ ಹಾಕ್ಕೋತಾನ್ರಿ."

"ತೋರ್ಸು."

ಅವಳು ತನ್ನ ಹೊದಿಕೆಯ ಕಂಬಳಿಯನ್ನು ತಂದು ಒಂದು ಮೂಲೆ ಮಡಿಚಿ, ತಲೆಯ ಮೇಲೆ ಚುಂಚಿನಂತೆ ನಿಲ್ಲಿಸಿ, ಉಳಿದದ್ದನ್ನು ಬೆನ್ನಿನ ಮೇಲಿಂದ ಮುಂದಕ್ಕೆ ಸುತ್ತಿದಳು. ಆಮೇಲೆ ಇವರಿಗೂ ಹಾಕಿದಳು. ರಾಯಚೂರಿನ ಬೇಸಿಗೆ ಆಗಷ್ಟೇ ಸುರುವಾಗಿತ್ತು. ಇವರು ಕೊಪ್ಪೆಯೊಳಗೆ ಬೆವರುತ್ತ ಕೈಯಲ್ಲಿ ರೂಲುಕೋಲು ಹಿಡಿದು ಗಾಳಿಗೆ ಹೊಡೆದು ನೋಡಿದರು. ನಾನು ನಿಂತ ಕಡೆಯಿಂದ ಒಂದು ತಂಬಿಗೆ ನೀರು ಎರಚಿದೆ. ಇವರು ಬೆಚ್ಚಿಬಿದ್ದರು. ಅವಳು ಬಂದು ಕೊಪ್ಪೆ ಬಿಚ್ಚಿ ನೋಡಿದಳು. ಹೊರಗೆಲ್ಲ ಹನಿ ಹನಿ, ಒಳಗೆ ಒಣಗಿತ್ತು. ತಲೆಯ ಕಡೆ ಕೊಪ್ಪೆ ಮಡಿಚಿ ಬಿದ್ದ ಗುರುತಿನಿಂದ ಲೆಕ್ಕ ಹಾಕಿದರೆ, ಕುರಿಗಾರನ ಕಂಬಳಿಯಲ್ಲಿ ಕಲೆಯಿದ್ದದ್ದು ಒಳಮೈಗೆ, ಮಡಿಲ ಭಾಗದಲ್ಲಿ. ಹೊರಮೈಯಲ್ಲಿ ಒಂದು ಹನಿಯೂ ಇರಲಿಲ್ಲ.

"ಮರಿ ಇಟ್ಕೊಳ್ಳೋ ಜಾಗ್ರಿ ಅದು," ಎಂದಳು ಅವಳು ಮೆಲ್ಲಗೆ.

ಸೆಷನ್ಸ್ ಕೋರ್ಟಿನಲ್ಲಿ ವಿಚಾರಣೆ ನಡೆದಾಗ ಮಾನ್ವಿ ಕಡೆಯ ಬಸ್ಸು, ದೇವದುರ್ಗದ ಬಸ್ಸು ಎರಡರಿಂದಲೂ ಜನ ಇಳಿದು ನೇರ ಕೋರ್ಟಿಗೇ ಬರುತ್ತಿದ್ದರು. ನಾನೂ ಹೋದೆ. ಆವರಣದ ಬೇವಿನ ಮರದ ಕೆಳಗೆ ಒಬ್ಬ ಮುದುಕಿ ಒಬ್ಬಳೇ ಕೂತಿರುತ್ತಿದ್ದಳು. ಸತ್ತ ಹುಡುಗನ ತಾಯಿ. ಭತ್ತ ನಾಟಿ ಮಾಡಿ ಮಾಡಿ ಅವಳ ಬೆನ್ನು ಬಾಗಿತ್ತು. ಕುರಿಗಾರನ ಹೆಂಡತಿಯೂ ಬೇರೆ ನೆರಳು ಇಲ್ಲದೆ ಅದೇ ಮರದ ಇನ್ನೊಂದು ಮಗ್ಗುಲಿಗೆ ಕೂರುತ್ತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನಾನು ಮನೆಯಿಂದ ಒಯ್ದ ನೀರನ್ನು ಇಬ್ಬರಿಗೂ ಕೊಟ್ಟೆ. ಮುದುಕಿ ಕುಡಿದು, ನಾನು ಯಾರೆಂದು ಕೇಳಿದಳು. ಹೇಳಿದೆ. ಚೊಂಬು ತಿರುಗಿ ಕೊಟ್ಟಳು.

ಶವಪರೀಕ್ಷೆ ಮಾಡಿದ್ದ ಮಾನ್ವಿಯ ಡಾಕ್ಟರು ಸಾಕ್ಷಿಕಟ್ಟೆ ಹತ್ತಿದರು. ಸಣ್ಣ ದನಿಯ, ನಿಧಾನವಾಗಿ ಮಾತಾಡುವ ಮನುಷ್ಯ. ಸರಕಾರಿ ವಕೀಲರು ನೊರೆಯ ವಿಷಯ ಕೇಳಿದರು. ನೊರೆ ಬಂದದ್ದು ನಿಜವೆಂದು ಡಾಕ್ಟರು ಹೇಳಿದರು. ಇವರು ಪಾಟೀಸವಾಲಿಗೆ ಎದ್ದರು. ಪ್ರಶ್ನೆ ಬರೆದ ಕಾಗದವನ್ನು ಮೂಗಿನ ಹತ್ತಿರ ಹಿಡಿದುಕೊಂಡಿದ್ದರು.

"ಕುರಿಯ ರಕ್ತದ ಮೇಲೆ ಹಾಕಿದರೂ ಅದೇ ನೊರೆ ಬರುತ್ತದೆಯೇ, ಡಾಕ್ಟರೇ?"

"ಬರುತ್ತದೆ."

ಅಲ್ಲಿಗೆ ನಿಲ್ಲಿಸಬೇಕಿತ್ತು. ಇವರು ನಿಲ್ಲಿಸಲಿಲ್ಲ. "ಆಲೂಗಡ್ಡೆಯ ಮೇಲೆ?"

ಕೋರ್ಟು ಗೊಳ್ಳೆಂದಿತು. ನ್ಯಾಯಾಧೀಶರು ಮೈಸೂರು ಕಡೆಯ ಹಿರಿಯರು. ಕನ್ನಡಕದ ಮೇಲಿಂದ ನೋಡಿ, "ವಕೀಲರೇ, ಅದು ರಕ್ತ ಅಂತ ನೀವೇ ಒಪ್ತಿದೀರಲ್ಲ. ಮಧ್ಯೆ ಆಲೂಗಡ್ಡೆ ಯಾಕೆ ತಂದ್ರಿ?" ಎಂದರು.

ಇವರು ಕೆಂಪಾದರು. "ಮನ್ಯಾಗ ಮಾಡಿ ನೋಡಿದೆ, ಸ್ವಾಮಿ. ಕೇಳದೆ ಇರಲಿಕ್ಕೆ ಆಗಲಿಲ್ಲ."

ನ್ಯಾಯಾಧೀಶರ ಮೀಸೆಯ ಅಂಚು ಅಲುಗಿತು. ಡಾಕ್ಟರು ಕೂಡ ನಗುತ್ತ, "ಅದರ ಮೇಲೂ ಬರುತ್ತದೆ" ಎಂದರು. ಆ ನಗೆ ಕೇಳಿ ಇವರು ಕೈಯ ಕಾಗದ ಮಡಿಚಿ ಜೇಬಿಗಿಟ್ಟರು.

ಆಮೇಲೆ ಕಂಬಳಿಯ ಸರದಿ. ಮುದ್ರೆ ಒಡೆದು ಬಿಚ್ಚಿದಾಗ ಕೊಳೆತ ಉಣ್ಣೆಯ ವಾಸನೆ ಹಿಂದಿನ ತನಕ ಬಂತು. ಪರೀಕ್ಷೆಗೆಂದು ಅಲ್ಲಲ್ಲಿ ಚೌಕವಾಗಿ ಕತ್ತರಿಸಿ ತೂತು ಮಾಡಿದ್ದರು. ನನ್ನ ಪಕ್ಕದಲ್ಲಿದ್ದ ಕುರಿಗಾರನ ಹೆಂಡತಿ, "ನಮ್ಮತ್ತಿ ನೂತಿದ್ದು," ಎಂದಷ್ಟೇ ಹೇಳಿ ತಲೆ ತಗ್ಗಿಸಿದಳು. ಇವರು ನ್ಯಾಯಾಧೀಶರ ಅಪ್ಪಣೆ ಕೇಳಿ, ಅವಳ ಹೊದಿಕೆಯ ಕಂಬಳಿಯನ್ನು ಕರಿಕೋಟಿನ ಮೇಲೆ ಕೊಪ್ಪೆ ಹಾಕಿಕೊಂಡರು. ಎರಡು ಸಲ ಜಾರಿತು. ಮೂರನೆಯ ಸಲ ನಿಂತಿತು.

"ಹೊಡೆದವನು ಹೀಗೆ ಕಂಬಳಿ ಹಾಕಿದ್ದರೆ, ಗಾಯದ ರಕ್ತ ಎಲ್ಲಿ ಸಿಡಿಯಬೇಕು?"

"ಮುಂದೆ, ಹೊರಮೈಗೆ," ಎಂದರು ಡಾಕ್ಟರು.

"ಹೊರಮೈಯಲ್ಲಿ ಏನೂ ಇಲ್ಲದೆ ಒಳಮೈಯಲ್ಲಿ, ಮಡಿಲಿನ ಹತ್ತಿರ ಮಾತ್ರ?"

ಡಾಕ್ಟರು ಕಂಬಳಿಯನ್ನು ಕೈಯಲ್ಲಿ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದರು. ಅವಸರ ಮಾಡಲಿಲ್ಲ. "ಸಿಡಿದದ್ದು ಹೀಗೆ ಆಗುವುದಿಲ್ಲ. ಇದು ಒರೆಸಿದ್ದು. ಏನನ್ನು ಒರೆಸಿದ್ದೆಂದು ನಾನು ಹೇಳಲಾರೆ."

ತನಿಖೆ ಮಾಡಿದ ಅಧಿಕಾರಿಯೂ, ಆ ಬೆಳಿಗ್ಗೆ ಹಟ್ಟಿಯಲ್ಲಿ ಆಗಷ್ಟೇ ಹುಟ್ಟಿದ ಮರಿಗಳಿದ್ದದ್ದನ್ನು ನೋಡಿದ್ದಾಗಿ ಒಪ್ಪಿಕೊಂಡರು. ಕೊನೆಗೆ ನ್ಯಾಯಾಧೀಶರು ಆರೋಪಿಯನ್ನೇ ಕೇಳಿದರು, ರಕ್ತದ ಬಗ್ಗೆ ನೀನೇನು ಹೇಳುತ್ತೀಯ ಎಂದು. ಅವನು ಕೈ ಜೋಡಿಸಿ, "ಕುರಿ ಈದಿತ್ರಿ ಸಾಹೇಬ್ರ. ಮರಿ ಒರಸಿದ್ನಿ," ಎಂದ. ಅದಕ್ಕಿಂತ ಹೆಚ್ಚಿಗೆ ಅವನಿಗೆ ಹೇಳಲು ಬರಲಿಲ್ಲ.

ತೀರ್ಪಿನ ದಿನ ನ್ಯಾಯಾಧೀಶರು ಓದಿದ್ದು ಇಂಗ್ಲಿಷಿನಲ್ಲಿ. ಇವರು ತಿರುಗಿ ನನ್ನ ಕಡೆ ನೋಡಿದಾಗ ಬಿಡುಗಡೆಯಾಯಿತೆಂದು ಗೊತ್ತಾಯಿತು. ಅವಳ ಗಂಡ ಕಟಕಟೆಯಿಂದ ಇಳಿದು ಯಾರ ಕಾಲಿಗೆ ಬೀಳಬೇಕೆಂದು ತಿಳಿಯದೆ ಬಾಗಿಲ ಪೇದೆಯ ಕಾಲಿಗೂ ಬಿದ್ದ.

ಹೊರಗೆ ಬಂದು ಅವಳು ಕೇಳಿದಳು: "ಸಾಹೇಬ್ರ, ಜಡ್ಜು ಏನಂದ್ರು? ಕುರಿ ರಕ್ತ ಅಂದ್ರಲ್ಲ?"

ಇವರು ತಡವರಿಸಿದರು. "ಹಂಗಲ್ಲಮ್ಮ. ಮನಷ್ಯಾಂದು ಅಂತ ಸಾಬೀತಾಗಿಲ್ಲ ಅಂದ್ರು. ಅನುಮಾನ ಇದ್ದಾಗ ಆರೋಪಿನ್ನ ಬಿಡಬೇಕು. ಕಾನೂನು ಹಂಗದ."

"ಅಂದ್ರ ಇನ್ನಾ ಅನುಮಾನ ಅದ ಅಂದ್ರೇನ್ರಿ? ಕುರೀದು ಅಂತ ಯಾಕ ಹೇಳಲಿಲ್ಲ?"

ಅವಳ ಗಂಡ, "ಬಿಡ ಬೇ, ಬಿಟ್ರಲ್ಲ," ಎಂದ. ಅವಳಿಗೆ ಅದು ಸಾಲಲಿಲ್ಲ. ಊರವರ ಮುಂದೆ ಹಿಡಿದು ತೋರಿಸುವಂಥ ಒಂದು ಮಾತು ಅವಳಿಗೆ ಬೇಕಿತ್ತು. ಇವರು ಕಾನೂನನ್ನು ಇನ್ನೊಮ್ಮೆ ವಿವರಿಸಲು ಹೊರಟಾಗ ಹಿಂದಿನಿಂದ ಆ ಮುದುಕಿ ಬಂದು ಇವರ ಕರಿಕೋಟಿನ ತೋಳು ಹಿಡಿದಳು.

"ಯಪ್ಪಾ, ಇಂವ ಅಲ್ಲ ಅಂತ ನೀ ತೋರಿಸಿದಿ. ಹಂಗಾದ್ರ ನನ್ನ ಮಗನ್ನ ಯಾರು ಕೊಂದ್ರು?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ದಾರಿ ಕೇಳುವ ಹಾಗೆ ಕೇಳಿದಳು.  ಗೆದ್ದ ಸಂತೋಷಕ್ಕೆ ನಾನು ಅವತ್ತು ಹೋಳಿಗೆ ಮಾಡಿದ್ದೆ. ಇವರು ತಟ್ಟೆಯ ಮುಂದೆ ಕೂತು ತುಪ್ಪ ಹೆಪ್ಪುಗಟ್ಟುವ ತನಕ ಅದನ್ನು ಮುಟ್ಟಲಿಲ್ಲ.

"ನಾ ಅರ್ಧ ಕೆಲಸ ಮಾಡೀನಿ," ಎಂದರು.

"ನಿಮ್ಮ ಕೆಲಸ ಅಷ್ಟೇ ಇತ್ತಲ್ಲ."

"ಇತ್ತು. ಆಕಿಗೆ ಅದನ್ನ ಹೆಂಗ ಹೇಳ್ಲಿ?"

ಮುಂದಿನ ಕೆಲವು ವರ್ಷ ಇವರು ಆ ಮುದುಕಿಯ ಪರವಾಗಿ ಅರ್ಜಿ ಬರೆದರು, ಕೇಸನ್ನು ಮತ್ತೆ ತನಿಖೆ ಮಾಡಬೇಕೆಂದು. ಅವಳನ್ನು ಕರೆದುಕೊಂಡು ಬಸ್ಸಿನಲ್ಲಿ ಮಾನ್ವಿಗೆ ಹೋಗಿ ಕಚೇರಿಗಳ ಮುಂದೆ ನಿಂತರು. ಕಾಲುವೆಯ ಕೊನೆಯ ಹಳ್ಳಿಗಳಲ್ಲಿ ನೀರಿಗಾಗಿ ಆಗುತ್ತಿದ್ದ ಬೇರೆ ಜಗಳಗಳ ವಿಷಯ ಹೇಳಿದರು. ಅಧಿಕಾರಿಗಳು ಬದಲಾದರು. ಏನೂ ಹೊರಬರಲಿಲ್ಲ. ಆದರೆ ಮುದುಕಿಗೆ ನಮ್ಮ ಮನೆಯ ದಾರಿ ರೂಢಿಯಾಯಿತು. ರಾಯಚೂರಿಗೆ ಬಂದರೆ ನಮ್ಮಲ್ಲೇ ಇಳಿಯುತ್ತಿದ್ದಳು. ನಾನು ಅಷ್ಟರಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನ ಹೇಳಲು ಸೇರಿದ್ದೆ. ಇವರೇ ಒತ್ತಾಯ ಮಾಡಿ ಅರ್ಜಿ ಹಾಕಿಸಿದ್ದರು. ಶಾಲೆಯಿಂದ ಬರುವಷ್ಟರಲ್ಲಿ ಮುದುಕಿ ನನ್ನ ಅಂಗಳ ಗುಡಿಸಿ, ಸೊಪ್ಪು ಸೋಸಿಟ್ಟಿರುತ್ತಿದ್ದಳು.

ಎಂಬತ್ತರ ದಶಕ ಸುರುವಾದ ಮೇಲಿನ ಒಂದು ಚಳಿಗಾಲ. ಕುರಿಗಾರನ ಹೆಂಡತಿ ಹಿಂಡಿನ ಜೊತೆ ಮತ್ತೆ ಕಾಲುವೆ ಸೀಮೆಗೆ ಹೊರಟವಳು, ನಮ್ಮನ್ನು ನೋಡಿಹೋಗಲು ಬಸ್ಸು ಹತ್ತಿ ರಾಯಚೂರಿಗೆ ಬಂದಳು. ಬಗಲಲ್ಲಿ ವರ್ಷದ ಕೂಸಿತ್ತು. ಅವಳು ಒಳಗೆ ಬಂದಾಗ ಮುದುಕಿ ಒಲೆಯ ಪಕ್ಕ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.  ಕೋರ್ಟಿನ ಮರದ ಕೆಳಗೆ ಅಷ್ಟು ದಿನ ಕೂತರೂ ಮಾತಾಡದವರು ಈಗ ಎದುರುಬದುರಾಗಿದ್ದರು. ಕುರಿಗಾರನ ಹೆಂಡತಿ ಹಿಂದಕ್ಕೆ ಹೆಜ್ಜೆ ಇಟ್ಟಳು.

ಮುದುಕಿ ತಲೆ ಎತ್ತಿ, "ಯಾಕ ನಿಂತಿ? ಕುಂದ್ರು," ಎಂದಳು.

ಇವಳು ಕೂತಳು. ಕೂಸು ಬೆಳ್ಳುಳ್ಳಿಯ ಸಿಪ್ಪೆಗೆ ಕೈ ಚಾಚಿತು. ಮುದುಕಿ ಒಂದು ಸಿಪ್ಪೆ ಊದಿ ಹಾರಿಸಿದಳು. ಕೂಸು ನಕ್ಕಿತು. 

"ಒಂದು ಕೇಳ್ತೀನಿ," ಎಂದಳು ಮುದುಕಿ. "ಕೋರ್ಟಿಂದು ಬ್ಯಾಡ. ನೀ ಹೇಳು. ನಿನ್ನ ಗಂಡ ಅವತ್ತ ರಾತ್ರಿ ಹಟ್ಟಿ ಬಿಟ್ಟು ಹೋಗಿದ್ನೇನು?"

"ಇಲ್ಲ ಯವ್ವಾ. ಎರಡು ಮರಿ ಉಡ್ಯಾಗ ಇಟ್ಕೊಂಡು ಕುಂತಿದ್ದ. ನಾ ಬೆಂಕಿಗೆ ಕಟಗಿ ಹಾಕಾಕತ್ತಿದ್ನಿ. ಬೆಳಗಾಗೂತನಕ ಅಲ್ಲೇ ಇದ್ವಿ."

"ಮಳಿ ಇತ್ತು ಅವತ್ತ."

"ಇತ್ತು ಯವ್ವಾ."

"ನನ್ನ ಮಗ ಮಳ್ಯಾಗ ಹೋಗಬ್ಯಾಡ ಅಂದ್ರೂ ಹೋಗಿದ್ದ. ಸರದಿ ನಂದದ ಅಂದ." ಮುದುಕಿ ಇನ್ನೊಂದು ಬೆಳ್ಳುಳ್ಳಿ ಸುಲಿದಿಟ್ಟಳು. "ನೀ ಹೇಳಿದಿ. ನಾ ಕೇಳಿದೆ."

ಅವಳು ನಂಬಿದಳೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ನಂಬಿದೆ ಎಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಇವರು ಕೋರ್ಟಿನಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಒಳಗಿದ್ದವರನ್ನು ನೋಡಿ ಒಂದು ಕಾಲಿನ ಚಪ್ಪಲಿಯಲ್ಲೇ ನಿಂತುಬಿಟ್ಟರು. ನಾನು ಕಣ್ಸನ್ನೆಯಲ್ಲೇ ಸುಮ್ಮನಿರಿ ಎಂದೆ. ಮುದುಕಿ ಕೂಸನ್ನು ತನ್ನ ತೊಡೆಗೆ ಎಳೆದುಕೊಂಡು, ಅದರ ತಾಯಿಗೆ, "ಹಿಟ್ಟು ನಾದು ಬೇ, ಹೊತ್ತಾತು. ಈ ಟೀಚರಮ್ಮ ಮಾಡಿದ್ರ ಇವತ್ತ ಉಂಡಂಗೇ," ಎಂದಳು. ಇವಳು ಸೆರಗು ಸಿಕ್ಕಿಸಿಕೊಂಡು ಎದ್ದಳು. ಇವರು ಇನ್ನೊಂದು ಚಪ್ಪಲಿ ಬಿಟ್ಟು, ಕರಿಕೋಟು ಗೂಟಕ್ಕೆ ಹಾಕಿ, ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು.